ಶ್ರುತಭಂಡಾರಗಳೂ ಬಾರದಿರುವ ವಾಚಕರೂ

ಹಸ್ತಪ್ರತಿಗಳನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ರಕ್ಷಣೆಯ ಸುತ್ತಲೇ ತಿರುಗುತ್ತದೆ. ಗರಿಗಳಿಗೆ ಎಣ್ಣೆ ಸವರುವ ಕ್ರಮ, ಮಸಿ ತೊಡೆಯುವ ಕ್ರಮ, ಹುಳು ಬೀಳದಂತೆ ಕಾಯುವ ಉಪಾಯ, ಕಟ್ಟಿಗೆ ಹೊದಿಸುವ ವಸ್ತ್ರ, ಇಡುವ ಕಪಾಟು ಇವೆಲ್ಲವೂ ಅವಶ್ಯವಾದ ವಿಷಯಗಳೇ ಸರಿ. ಆದರೆ ಈ ರಕ್ಷಣೆ ಯಾರಿಗಾಗಿ ಎಂಬ ಪ್ರಶ್ನೆಯನ್ನು ನಾವು ಅಪೂರ್ವವಾಗಿ ಕೇಳಿಕೊಳ್ಳುತ್ತೇವೆ. ಭಂಡಾರವೊಂದಕ್ಕೆ ಎರಡು ಬಗೆಯ ವಾಚಕರುಂಟು. ಬಾಗಿಲಿಗೆ ಬಂದು ಇಂಥ ಗ್ರಂಥ ಬೇಕೆಂದು ಕೇಳುವವರು ಒಂದು ಬಗೆ. ತಮಗೆ ಬೇಕಾದುದು ಅಲ್ಲಿದೆಯೆಂಬುದನ್ನೇ ಅರಿಯದೆ ದೂರದಲ್ಲಿ ಉಳಿದವರು ಇನ್ನೊಂದು ಬಗೆ. ಮೊದಲನೆಯವರಿಗಾಗಿ ನಿಯಮಗಳಿವೆ, ಅರ್ಜಿಗಳಿವೆ, ಒಮ್ಮೊಮ್ಮೆ ಕುಳಿತು ಓದಲು ಒಂದು ಮಣೆಯೂ ಇದೆ. ಎರಡನೆಯವರಿಗಾಗಿ ಏನಿದೆ? ಇವರನ್ನು ಕುರಿತು ನಮ್ಮ ಭಂಡಾರಗಳು ಮಾಡಿದ್ದೇನು, ಮಾಡದೆ ಬಿಟ್ಟದ್ದೇನು, ಅದರಿಂದ ಆದ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ವಾಚಕನನ್ನು ಅರಸಿಕೊಂಡು ಗ್ರಂಥವೇ ಹೋಗಬೇಕೆಂಬ ವಿಚಾರ ಹೊರಗಿನಿಂದ ಬಂದ ಹೊಸ ಮಾತೆಂದು ಕೆಲವರು ತಿಳಿದಂತಿದೆ. ಇದು ಸರಿಯಲ್ಲ. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ದಾನವಸ್ತುವಾಗಿ ಎಣಿಸಿದ ಪರಂಪರೆ ನಮ್ಮದು. ದಾನವೆಂದರೆ ಕೊಡುವವನು ಪಾತ್ರವನ್ನು ಹುಡುಕಿ ಕೊಡುವ ಕ್ರಿಯೆ. ಕೇಳಿದವನಿಗೆ ಒಲ್ಲದ ಮನಸ್ಸಿನಿಂದ ತೋರಿಸಿ ಒಳಗಿಡುವುದು ದಾನವೆನಿಸದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸುಪ್ರಸಿದ್ಧ. ಈ ಸಂಗತಿಯನ್ನು ನಾವು ಸಾಮಾನ್ಯವಾಗಿ ಆಕೆಯ ಔದಾರ್ಯಕ್ಕೆ ನಿದರ್ಶನವಾಗಿ ಉಲ್ಲೇಖಿಸಿ ಮುಂದೆ ಸಾಗುತ್ತೇವೆ. ಗ್ರಂಥಪ್ರಸಾರದ ದೃಷ್ಟಿಯಿಂದ ನೋಡಿದರೆ ಇದರ ಅರ್ಥ ಇನ್ನೂ ಹಿರಿದು. ಒಂದೇ ಪ್ರತಿಯನ್ನು ಒಂದು ಬಸದಿಯಲ್ಲಿಟ್ಟು ಪೂಜಿಸಿದ್ದರೆ ಪುಣ್ಯಕ್ಕೇನೂ ಕೊರತೆಯಿರಲಿಲ್ಲ. ಸಾವಿರ ಪ್ರತಿ ಮಾಡಿಸಿದವಳ ಮನಸ್ಸಿನಲ್ಲಿ ಇದ್ದವರು ಆಕೆ ಕಂಡರಿಯದ, ಹೆಸರರಿಯದ ವಾಚಕರು.

ಶಾಸ್ತ್ರದಾನದ ವಿಧಿಯ ಜೊತೆಗೆ ಅದರ ನಿಷೇಧಪಕ್ಷವೂ ನಮ್ಮಲ್ಲಿ ಸ್ಪಷ್ಟವಾಗಿದೆ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ನಿಹ್ನವ, ಮಾತ್ಸರ್ಯ, ಅಂತರಾಯಗಳನ್ನು ಪರಿಗಣಿಸಿದ್ದಾರೆ. ತನ್ನಲ್ಲಿರುವುದನ್ನು ಇಲ್ಲವೆನ್ನುವುದು ನಿಹ್ನವ. ಕೊಡಲು ಯೋಗ್ಯವಾದುದನ್ನು ಯೋಗ್ಯನಿಗೂ ಕೊಡದಿರುವುದು ಮಾತ್ಸರ್ಯ. ಪರರ ಜ್ಞಾನಸಾಧನಕ್ಕೆ ಅಡ್ಡಿ ತರುವುದು ಅಂತರಾಯ. ಇವನ್ನು ನಾವು ಪಾಠಶಾಲೆಯಲ್ಲಿ ಕಂಠಪಾಠ ಮಾಡಿಸುತ್ತೇವೆ. ಭಂಡಾರದ ಬೀಗದ ಕೈ ನಮ್ಮ ಸೊಂಟದಲ್ಲಿರುವಾಗ ಇವುಗಳ ಅರ್ಥವನ್ನು ವಿಚಾರಿಸುವವರು ವಿರಳ.

೨

ಮುಚ್ಚಿದ ಬಾಗಿಲಿನ ಫಲವೇನೆಂಬುದಕ್ಕೆ ಧವಲ ಗ್ರಂಥದ ಚರಿತ್ರೆಗಿಂತ ಮಿಗಿಲಾದ ನಿದರ್ಶನ ಬೇಕಾಗಿಲ್ಲ. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಧವಲ ಟೀಕೆಯನ್ನು ಕ್ರಿ. ಶ. ೮೧೬ರಲ್ಲಿ ಮುಗಿಸಿದರು. ಅವರು ಆರಂಭಿಸಿದ ಜಯಧವಲವನ್ನು ಶಿಷ್ಯರಾದ ಜಿನಸೇನರು ೮೩೭ರಲ್ಲಿ ಪೂರ್ಣಗೊಳಿಸಿದರು. ಈ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಡಪ್ರತಿಗಳು ಮೂಡುಬಿದಿರೆಯ ಸಿದ್ಧಾಂತಬಸದಿಯೊಂದರಲ್ಲಿಯೇ ಉಳಿದುಬಂದುವು. ಅವನ್ನು ನಮ್ಮ ಕಾಲದವರೆಗೆ ತಲಪಿಸಿದ ಕೀರ್ತಿ ಆ ಕ್ಷೇತ್ರದ ಭಟ್ಟಾರಕಪೀಠಕ್ಕೂ ಶ್ರಾವಕರಿಗೂ ಸಲ್ಲಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಬಹುಕಾಲ ಅವು ದರ್ಶನದ ವಸ್ತುಗಳಾಗಿದ್ದುವು, ಅಧ್ಯಯನದ ವಸ್ತುಗಳಾಗಿರಲಿಲ್ಲ.

ಕಳೆದ ಶತಮಾನಕ್ಕೆ ಹಿಂದಿನ ಶತಮಾನದ ಕೊನೆಯಲ್ಲಿ ಮುಂಬಯಿಯ ಶೇಠ್ ಮಾಣಿಕಚಂದರೂ ಸೊಲ್ಲಾಪುರದ ಶೇಠ್ ಹೀರಾಚಂದ ನೇಮಿಚಂದರೂ ಯಾತ್ರಾರ್ಥಿಗಳಾಗಿ ಬಂದು ಈ ಗರಿಗಳ ಸ್ಥಿತಿಯನ್ನು ಕಂಡು ಕಳವಳಗೊಂಡರು. ಅವರ ಪ್ರಯತ್ನದಿಂದ ೧೮೯೬ರ ಸುಮಾರಿಗೆ ಪ್ರತಿ ಮಾಡುವ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು. ಹೀಗೆ ಸಿದ್ಧವಾದ ಪ್ರತಿಗಳು ಕ್ಷೇತ್ರದಿಂದ ಹೊರಗೆ ಹೋಗಬಾರದೆಂಬ ನಿರ್ಬಂಧವಿತ್ತು. ಪರಿಣಾಮವೇನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಮಾಡಿಕೊಂಡರು. ಅದು ಸಹಾರನಪುರವನ್ನು ಸೇರಿತು. ಅಲ್ಲಿ ನಾಗರಿಗೆ ಎತ್ತುವಾಗ ಮತ್ತೊಮ್ಮೆ ಗುಪ್ತವಾಗಿಯೇ ಬೇರೊಂದು ಪ್ರತಿ ಹುಟ್ಟಿತು. ಅದರಿಂದ ಇಳಿದ ಪ್ರತಿಗಳು ಅಮರಾವತಿ, ಆರಾ, ಕಾರಂಜಾ ಮೊದಲಾದೆಡೆ ಹರಡಿದುವು. ಡಾ. ಹೀರಾಲಾಲ ಜೈನರು ೧೯೩೯ರಲ್ಲಿ ಧವಲದ ಮೊದಲ ಸಂಪುಟವನ್ನು ಅಮರಾವತಿಯಿಂದ ಪ್ರಕಟಿಸಿದಾಗ ಅವರ ಕೈಯಲ್ಲಿದ್ದುದು ಮೂಲವಲ್ಲ, ಪ್ರತಿಯ ಪ್ರತಿಯ ಪ್ರತಿ.

ಗುಪ್ತವಾಗಿ ಪ್ರತಿ ಮಾಡಿದುದು ಯೋಗ್ಯವೋ ಅಯೋಗ್ಯವೋ ಎಂಬ ವಿವಾದ ಇಲ್ಲಿ ಅಪ್ರಸ್ತುತ. ಪಾಠವಿಮರ್ಶಕನಿಗೆ ಮುಖ್ಯವಾದುದು ಬೇರೆ. ಮೊದಲ ಸಂಪುಟದಲ್ಲಿ ಬರುವ ಸತ್ಪ್ರರೂಪಣೆಯ ತೊಂಬತ್ತಮೂರನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಸಂಪಾದಕರ ಪ್ರತಿಗಳಲ್ಲಿ ಇರಲಿಲ್ಲ. ಟೀಕೆಯ ಸಂದರ್ಭವನ್ನು ನೋಡಿ ಆ ಪದ ಇರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಮನುಷ್ಯಸ್ತ್ರೀಯರ ಗುಣಸ್ಥಾನವಿಚಾರಕ್ಕೆ ಸಂಬಂಧಪಟ್ಟ ಸೂತ್ರವಾದುದರಿಂದ ಆ ಒಂದು ಪದದ ಮೇಲೆ ಪಂಡಿತವರ್ಗದಲ್ಲಿ ವರ್ಷಾನುಗಟ್ಟಲೆ ಘೋರವಾದ ವಾದವಿವಾದ ನಡೆಯಿತು. ಲೇಖನಗಳಿಗೆ ಪ್ರತಿಲೇಖನಗಳು, ಸಭೆಗಳಿಗೆ ಪ್ರತಿಸಭೆಗಳು ಹುಟ್ಟಿದುವು. ಮುಂದೆ ಮೂಡುಬಿದಿರೆಯವರ ಸಮ್ಮತಿ ದೊರೆತು, ಪಂಡಿತ ಲೋಕನಾಥ ಶಾಸ್ತ್ರಿಗಳಂಥ ಅಲ್ಲಿಯ ವಿದ್ವಾಂಸರೇ ತಾಡಪ್ರತಿಯೊಡನೆ ಹೋಲಿಸಿ ನೋಡಿದಾಗ ಆ ಪದ ಮೂಲದಲ್ಲಿ ಇದ್ದುದು ತಿಳಿದುಬಂದಿತು. ಅದನ್ನು ದ್ರವ್ಯಸ್ತ್ರೀಪರವಾಗಿ ತಿಳಿಯಬೇಕೇ ಭಾವಸ್ತ್ರೀಪರವಾಗಿ ತಿಳಿಯಬೇಕೇ ಎಂಬುದು ಸಿದ್ಧಾಂತದ ವಿಚಾರ. ಅದನ್ನು ವ್ಯಾಖ್ಯಾನಕಾರರು ನಿರ್ಣಯಿಸಲಿ. ಪದ ಇದೆಯೇ ಇಲ್ಲವೇ ಎಂಬುದಾದರೋ ಗರಿಯನ್ನು ನೋಡಿ ಒಂದು ಗಳಿಗೆಯಲ್ಲಿ ತೀರಿಸಬಹುದಾಗಿದ್ದ ಪ್ರಶ್ನೆ. ಗರಿ ಇತ್ತು, ಅದನ್ನು ಓದಬಲ್ಲವರೂ ಇದ್ದರು, ಇಬ್ಬರ ನಡುವೆ ದಾರಿ ಮಾತ್ರ ಇರಲಿಲ್ಲ.

ಇದೇ ವೃತ್ತಾಂತದ ಉತ್ತರಾರ್ಧವನ್ನೂ ಹೇಳಬೇಕು. ಬಾಗಿಲು ತೆರೆದ ಮೇಲೆ ಮುಂದಿನ ಸಂಪುಟಗಳ ಪಾಠ ಶುದ್ಧವಾಗುತ್ತ ಬಂದಿತು. ಹದಿನಾರು ಸಂಪುಟಗಳಲ್ಲಿ ಧವಲವು ಪೂರ್ಣಗೊಂಡಿತು. ಮಹಾಬಂಧವು ಭಾರತೀಯ ಜ್ಞಾನಪೀಠದಿಂದ ಏಳು ಸಂಪುಟಗಳಲ್ಲಿ ಹೊರಬಂದಿತು. ಇಷ್ಟಾದರೂ ಮೂಲಪ್ರತಿಗಳ ಮಹಿಮೆ ಕುಂದಲಿಲ್ಲ. ಪ್ರಕಟವಾದುದರಿಂದಲೇ ಅವುಗಳಿಗೆ ದೇಶವಿದೇಶಗಳಲ್ಲಿ ಗೌರವ ಹೆಚ್ಚಿತು. ತೋರಿಸಿದರೆ ಬೆಲೆ ಇಳಿದೀತೆಂಬ ಭಯಕ್ಕೆ ಇದು ಸಾಕಾದ ಉತ್ತರ.

೩

ಗ್ರಂಥವನ್ನು ಬಲ್ಲವನು ಅದಕ್ಕೆ ಅತ್ಯಂತ ಹತ್ತಿರದವನೇ ಆಗಿರಬೇಕೆಂಬ ನಿಯಮವಿಲ್ಲ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಚರಿತ್ರೆಗೆ ಬಿಲ್ಹಣನ ವಿಕ್ರಮಾಂಕದೇವಚರಿತ ಎಷ್ಟು ಮುಖ್ಯವೆಂಬುದನ್ನು ಕರ್ಣಾಟಕದ ಇತಿಹಾಸವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆ ಕಾವ್ಯ ದೊರೆತುದು ಕಲ್ಯಾಣದಲ್ಲಲ್ಲ, ಕವಿಯ ಜನ್ಮಭೂಮಿಯಾದ ಕಾಶ್ಮೀರದಲ್ಲಿಯೂ ಅಲ್ಲ. ಮರುಭೂಮಿಯ ಜೈಸಲ್ಮೇರಿನ ಜೈನಭಂಡಾರದಲ್ಲಿ ಬ್ಯೂಲರ್ ಮತ್ತು ಯಾಕೋಬಿ ಅದನ್ನು ೧೮೭೪ರಲ್ಲಿ ಕಂಡರು. ಮರುವರ್ಷವೇ ಬ್ಯೂಲರ್ ಅದನ್ನು ಪ್ರಕಟಿಸಿದನು. ಅದನ್ನು ಶತಮಾನಗಳ ಕಾಲ ಕಾಪಾಡಿದ ಶ್ರಾವಕರಿಗೆ ಅದು ತುಂಗಭದ್ರಾತೀರದ ಒಂದು ನಾಡಿಗೆ ಇಷ್ಟು ಬೇಕಾದೀತೆಂದು ತಿಳಿದಿರಲು ಸಾಧ್ಯವಿರಲಿಲ್ಲ. ಆದುದರಿಂದ, ಯಾವ ಗ್ರಂಥ ಯಾರಿಗೆ ಬೇಕಾಗುವುದೆಂಬುದನ್ನು ಭಂಡಾರದವರು ಮುಂಚಿತವಾಗಿ ನಿರ್ಣಯಿಸಲಾರರು. ಇದ್ದುದನ್ನು ಇದೆಯೆಂದು ಎಲ್ಲರಿಗೂ ಕೇಳುವಂತೆ ಹೇಳಬಲ್ಲರು, ಅಷ್ಟೇ. ಆ ಅಷ್ಟೇ ಬಹಳ ದೊಡ್ಡದು.

ಎರಡನೆಯ ನಿದರ್ಶನ ಮಹಾವೀರಾಚಾರ್ಯರ ಗಣಿತಸಾರಸಂಗ್ರಹ. ಅಮೋಘವರ್ಷ ನೃಪತುಂಗನ ಕಾಲದ ಈ ಗ್ರಂಥ ದಕ್ಷಿಣದ ಭಂಡಾರಗಳಲ್ಲಿ ಅಲ್ಲಲ್ಲಿ ಇದ್ದುದೇ. ಮದರಾಸಿನ ಸರಕಾರಿ ಪ್ರಾಚ್ಯಹಸ್ತಪ್ರತಿ ಭಂಡಾರದ ಹೊಣೆ ಹೊತ್ತ ಎಂ. ರಂಗಾಚಾರ್ಯರನ್ನು, ಹಿಂದೂ ಗಣಿತದ ಚರಿತ್ರೆಗೆ ಹೊಸ ಬೆಳಕು ಕೊಡುವಂಥ ಗ್ರಂಥವೇನಾದರೂ ಭಂಡಾರದಲ್ಲಿದೆಯೇ ಎಂದು ವಿದ್ಯಾಭ್ಯಾಸ ಇಲಾಖೆಯ ನಿರ್ದೇಶಕನಾಗಿದ್ದ ಸ್ಟುವರ್ಟ್ ಕೇಳಿದನು. ಹುಡುಕಿದಾಗ ಮೂರು ಅಪೂರ್ಣ ಪ್ರತಿಗಳು ಸಿಕ್ಕಿದುವು. ಸುದ್ದಿ ಹರಡಿದ ಮೇಲೆ ಮೈಸೂರಿನ ಪ್ರಾಚ್ಯಭಂಡಾರದಿಂದ ಕನ್ನಡ ವ್ಯಾಖ್ಯಾನಸಹಿತವಾದ ಪ್ರತಿ ಬಂದಿತು. ಮೂಡುಬಿದಿರೆಯ ತಾಡಪ್ರತಿಯೊಂದರ ನಕಲೂ ದೊರೆಯಿತು. ೧೯೧೨ರಲ್ಲಿ ಗ್ರಂಥ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಗಿ ಗಣಿತಚರಿತ್ರೆಯಲ್ಲಿ ತನ್ನ ಸ್ಥಾನವನ್ನು ಪಡೆಯಿತು. ಇಲ್ಲಿ ಗಮನಿಸಬೇಕಾದ ಅಂಶ: ಪ್ರತಿಗಳು ಪ್ರಶ್ನೆಗೆ ಮೊದಲೂ ಇದ್ದುವು. ಅವನ್ನು ಎಚ್ಚರಿಸಿದುದು ಹೊರಗಿನಿಂದ ಬಂದ ಒಂದು ಪ್ರಶ್ನೆ. ಪ್ರಶ್ನೆ ಬರುವುದಕ್ಕೆ ದಾರಿಯಿರುವ ಭಂಡಾರ ಬೆಳೆಯುತ್ತದೆ. ಪ್ರಶ್ನೆಯೇ ಬಾರದ ಭಂಡಾರ, ಎಷ್ಟೇ ಸುರಕ್ಷಿತವಾಗಿರಲಿ, ನಿದ್ರಿಸುತ್ತದೆ.

೪

ಭಂಡಾರದಿಂದ ಹೊರಗೆ ಹೋಗುವ ಮೊದಲ ದೂತ ಗ್ರಂಥಸೂಚಿ. ನಮ್ಮ ಭಾಗದಲ್ಲಿ ಈ ಕಾರ್ಯಕ್ಕೆ ಅಡಿಗಲ್ಲು ಹಾಕಿದವರಲ್ಲಿ ದಿವಂಗತ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಅಗ್ರಗಣ್ಯರು. ಆರಾದ ಜೈನ ಸಿದ್ಧಾಂತ ಭವನದಲ್ಲಿ ಬಹುಕಾಲ ದುಡಿದ ಅನುಭವವನ್ನು ತಂದು ಅವರು ಸಿದ್ಧಪಡಿಸಿದ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ೧೯೪೮ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಮೂಡುಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳಲ್ಲಿರುವ ಸಾವಿರಾರು ಪ್ರತಿಗಳು ಒಂದೇ ಕಡೆ ಗೋಚರವಾದುದು ಅಂದಿಗೆ ಸಾಮಾನ್ಯ ಸಾಧನೆಯಲ್ಲ. ಇಂದಿಗೂ ಈ ಭಂಡಾರಗಳ ವಿಷಯದಲ್ಲಿ ಕೈಗೆತ್ತಿಕೊಳ್ಳಬೇಕಾದ ಮೊದಲ ಪುಸ್ತಕ ಅದೇ. ಹಿರಿಯರ ಈ ಪರಿಶ್ರಮಕ್ಕೆ ತಲೆಬಾಗಿಯೇ, ಆ ಮಾದರಿಯ ಸೂಚಿಗಳೆಲ್ಲಕ್ಕೂ ಅನ್ವಯಿಸುವ ಕೆಲವು ನ್ಯೂನತೆಗಳನ್ನು ವಿಚಾರಿಸಬೇಕಾಗಿದೆ. ಸೂಚಿಯನ್ನು ಕೊನೆಯ ಮಾತೆಂದು ಭಾವಿಸಿ ನಾವು ಏಳು ದಶಕಗಳನ್ನು ಕಳೆದುದು ಅದರ ಕರ್ತೃವಿನ ದೋಷವಲ್ಲ.

ಮೊದಲನೆಯದು ಭಾಷೆ. ಸೂಚಿಯ ವಿವರಣಭಾಷೆ ಹಿಂದಿ, ಲಿಪಿ ನಾಗರಿ. ಕಾಶಿ, ಜಯಪುರ, ಸಾಗರಗಳ ಪಂಡಿತರನ್ನು ಇದು ತಲಪಿತು, ಅದು ಅಪೇಕ್ಷಣೀಯವೇ. ಆದರೆ ಭಂಡಾರಕ್ಕೆ ನಾಲ್ಕು ಹರಿದಾರಿ ದೂರದಲ್ಲಿರುವ ಕನ್ನಡ ಅಧ್ಯಾಪಕನಿಗೆ, ವೈದ್ಯನಿಗೆ, ಊರಿನ ಚರಿತ್ರೆ ಬರೆಯಲು ಹೊರಟ ತರುಣನಿಗೆ ತನ್ನ ನೆರೆಯಲ್ಲಿ ಏನಿದೆಯೆಂಬುದನ್ನು ತಿಳಿಸುವ ಸಾಧನ ಅದಾಗಲಿಲ್ಲ. ದೂರದವನಿಗೆ ದೀಪ, ಹತ್ತಿರದವನಿಗೆ ಕತ್ತಲೆ ಎಂಬಂತಾಯಿತು.

ಎರಡನೆಯದು ಸಂಪುಟಪ್ರತಿಗಳ ಸಮಸ್ಯೆ. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರುವುದು ನಮ್ಮ ಓಲೆಗಳಲ್ಲಿ ಸರ್ವಸಾಮಾನ್ಯ. ಸೂಚಿ ಸಾಮಾನ್ಯವಾಗಿ ಮೊದಲ ಕೃತಿಯನ್ನು, ಹೆಚ್ಚೆಂದರೆ ಹೆಸರುಳ್ಳ ಕೃತಿಗಳನ್ನು ಹಿಡಿಯುತ್ತದೆ. ಬಾಲದಲ್ಲಿ ಉಳಿದ ಗರಿಗಳು ‘ಪ್ರಕೀರ್ಣ’ ಎಂಬ ಒಂದು ಪದದಲ್ಲಿ ಮುಳುಗಿಹೋಗುತ್ತವೆ. ಮನೆತನದ ಸಂಗ್ರಹವೊಂದನ್ನು ನಾವು ಪರಿಶೀಲಿಸಿದಾಗ, ಮೇಲ್ಹಲಗೆಯಲ್ಲಿ ‘ಸ್ತೋತ್ರ’ ಎಂದಷ್ಟೇ ಬರೆದಿದ್ದ ಕಟ್ಟಿನ ಕೊನೆಯಲ್ಲಿ ದನಕರುಗಳ ರೋಗಕ್ಕೆ ಮದ್ದು, ಗದ್ದೆಯ ಗೇಣಿಯ ಲೆಕ್ಕ, ಒಂದು ನೋಂಪಿಯ ಕಥೆ ಇಷ್ಟೂ ಇದ್ದುವು. ಇವನ್ನು ಬೇಡುವ ವಾಚಕ ಸ್ತೋತ್ರವೆಂಬ ಶಿರೋನಾಮದ ಕೆಳಗೆ ಎಂದಿಗೂ ಹುಡುಕುವುದಿಲ್ಲ.

ಮೂರನೆಯದು ವಿಷಯವಿಭಾಗ. ಸಿದ್ಧಾಂತ, ಅಧ್ಯಾತ್ಮ, ಪುರಾಣ, ನ್ಯಾಯ, ಆಚಾರ ಮೊದಲಾದ ವಿಭಾಗಗಳು ಶಾಸ್ತ್ರಜ್ಞನಿಗೆ ಸಹಜ. ಆದರೆ ಇಂದಿನ ಜಿಜ್ಞಾಸು ತನ್ನ ಪ್ರಶ್ನೆಯನ್ನು ಈ ಹೆಸರುಗಳಲ್ಲಿ ಕೇಳುವುದಿಲ್ಲ. ಅವನು ಮಳೆಯ ಬಗೆಗೆ, ಬೆಳೆಯ ಬಗೆಗೆ, ಅಡುಗೆಯ ಬಗೆಗೆ, ವಿಷಚಿಕಿತ್ಸೆಯ ಬಗೆಗೆ ಕೇಳುತ್ತಾನೆ. ಇವೆಲ್ಲಕ್ಕೂ ನಮ್ಮ ಕವಿಗಳಲ್ಲಿ ಉತ್ತರವಿದೆ: ಮಳೆಬೆಳೆಗಳ ಶಕುನಕ್ಕೆ ರಟ್ಟಮತ, ವಿಷವೈದ್ಯಕ್ಕೆ ಮಂಗರಾಜನ ಖಗೇಂದ್ರಮಣಿದರ್ಪಣ, ವೈದ್ಯಕ್ಕೆ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ, ಜಲಶೋಧನೆಗೂ ಕೃಷಿಗೂ ಪಾಕಕ್ಕೂ ಚಾವುಂಡರಾಯನ ಲೋಕೋಪಕಾರ. ಹನ್ನೊಂದನೆಯ ಶತಮಾನದ ಈ ಲೋಕೋಪಕಾರವನ್ನು ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ ೨೦೦೬ರಲ್ಲಿ ಇಂಗ್ಲಿಷಿಗೆ ತಂದಿತು. ಕನ್ನಡ ಪಂಡಿತರ ವಲಯಕ್ಕೆ ಮೀಸಲಾಗಿದ್ದ ಗ್ರಂಥ ಹೀಗೆ ಕೃಷಿವಿಜ್ಞಾನಿಗಳ ಮೇಜಿಗೆ ಬಂದಿತು. ಕೃತಿ ಬದಲಾಗಲಿಲ್ಲ, ಅದನ್ನು ಕರೆದ ಹೆಸರು ಬದಲಾಯಿತು.

ನಾಲ್ಕನೆಯದು, ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು, ಪ್ರಶಸ್ತಿ ಮತ್ತು ಪುಷ್ಪಿಕೆಗಳ ಉಪೇಕ್ಷೆ. ಯಾರು ಬರೆದರು, ಯಾರು ಬರೆಯಿಸಿದರು, ಯಾವ ಊರಿನಲ್ಲಿ, ಯಾವ ನೋಂಪಿಯ ಉದ್ಯಾಪನೆಗಾಗಿ, ಯಾವ ಮುನಿಗಳಿಗೆ ಕೊಟ್ಟರು ಎಂಬ ವಿವರ ಓಲೆಯ ಕೊನೆಯ ಗರಿಯಲ್ಲಿರುತ್ತದೆ. ಮೂಡುಬಿದಿರೆಯ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ಶ್ರಾವಕಿ ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂಬುದು ನಮಗೆ ತಿಳಿದುದು ಇಂಥ ಪ್ರಶಸ್ತಿಯಿಂದಲೇ. ಸ್ತ್ರೀಯರ ಚರಿತ್ರೆಯನ್ನು ಬರೆಯುವವನಿಗೆ, ಊರುಗಳ ಹೆಸರನ್ನು ಅರಸುವವನಿಗೆ, ಲಿಪಿಯ ಬೆಳವಣಿಗೆಯನ್ನು ಗುರುತಿಸುವವನಿಗೆ ಗ್ರಂಥಕ್ಕಿಂತ ಈ ನಾಲ್ಕು ಸಾಲು ಹೆಚ್ಚು ಬೆಲೆಯುಳ್ಳವು. ಇದೇ ಭಂಡಾರದ ಹೊಯ್ಸಳಕಾಲದ ಗರಿಗಳಲ್ಲಿರುವ ವರ್ಣಚಿತ್ರಗಳ ಕಥೆಯೂ ಇಂತಹುದೇ. ಪಾಠವನ್ನು ಓದುವವರು ಚಿತ್ರವನ್ನು ಅಲಂಕಾರವೆಂದು ದಾಟಿಹೋದರು. ಸಿ. ಶಿವರಾಮಮೂರ್ತಿಯವರಂಥ ಕಲೇತಿಹಾಸಕಾರರು ದಕ್ಷಿಣ ಭಾರತದ ಚಿತ್ರಕಲೆಯನ್ನು ಕುರಿತ ೧೯೬೮ರ ಗ್ರಂಥದಲ್ಲಿ ಅವನ್ನು ಚರ್ಚಿಸಿದ ಬಳಿಕ, ಹೊಯ್ಸಳರ ಶಿಲ್ಪವನ್ನಷ್ಟೇ ಬಲ್ಲ ಲೋಕಕ್ಕೆ ಅವರ ಚಿತ್ರವೂ ಇದೆಯೆಂಬುದು ಮನದಟ್ಟಾಯಿತು. ಸೂಚಿಯಲ್ಲಿ ‘ಸಚಿತ್ರ’ ಎಂಬ ಒಂದೇ ಪದವನ್ನು ತಪ್ಪದೆ ಬರೆಯುವ ಅಭ್ಯಾಸವಿದ್ದಲ್ಲಿ ಇಂಥ ವಾಚಕರು ಬೇಗನೆ ಬರುತ್ತಾರೆ.

೫

ಈಗ ಛಾಯಾಪ್ರತಿಗಳ ಕಾಲ. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ದೇಶದ ಹಸ್ತಪ್ರತಿಗಳ ವಿವರಗಳನ್ನು ‘ಕೃತಿಸಂಪದ’ ಎಂಬ ಹೆಸರಿನಲ್ಲಿ ಒಂದೆಡೆ ಸೇರಿಸಲು ಯತ್ನಿಸಿತು. ೨೦೨೫ರ ಕೇಂದ್ರ ಮುಂಗಡಪತ್ರದಲ್ಲಿ ಘೋಷಿತವಾದ ಜ್ಞಾನಭಾರತಂ ಯೋಜನೆ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳನ್ನು ಒಳಗೊಳ್ಳುವ ಗುರಿಯನ್ನು ಮುಂದಿಟ್ಟಿದೆ. ಇವು ಸ್ವಾಗತಾರ್ಹ. ಆದರೆ ಗರಿಯ ಚಿತ್ರವನ್ನು ತೆಗೆದ ಮಾತ್ರಕ್ಕೆ ಗ್ರಂಥ ವಾಚಕನನ್ನು ತಲಪಿತೆಂದು ಭಾವಿಸುವುದು ಭ್ರಮೆ. ವಿವರಣೆಯಿಲ್ಲದ ಚಿತ್ರಗಳ ರಾಶಿ ಇನ್ನೊಂದು ಬೀಗದ ಪೆಟ್ಟಿಗೆಯೇ. ವ್ಯತ್ಯಾಸವಿಷ್ಟೇ, ಹಳೆಯ ಪೆಟ್ಟಿಗೆಯನ್ನು ಇರುವೆ ಗೆದ್ದಲುಗಳಾದರೂ ತೆರೆಯುತ್ತಿದ್ದುವು. ಸೂಚಿಯಲ್ಲಿ ಹೆಸರು ತಪ್ಪಿದ್ದರೆ ಯಂತ್ರವೂ ತಪ್ಪನ್ನೇ ಹುಡುಕಿಕೊಡುತ್ತದೆ. ಬಾಲದ ಗರಿಗಳು ‘ಪ್ರಕೀರ್ಣ’ವಾಗಿದ್ದರೆ ಯಂತ್ರಕ್ಕೂ ಅವು ಪ್ರಕೀರ್ಣವೇ.

ಇದರ ಜೊತೆಗೆ ಲಿಪಿಯ ಪ್ರಶ್ನೆ. ಓಲೆಯಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ತೋರಿಸಿರುವುದಿಲ್ಲ. ಕನ್ನಡ ಲಿಪಿಯಲ್ಲಿ ಬರೆದ ಪ್ರಾಕೃತದಲ್ಲಿ ಅಕ್ಷರದ ಹಿಂದಿನ ಸೊನ್ನೆ ಎಲ್ಲ ಕಡೆಯೂ ಅನುಸ್ವಾರವಲ್ಲ. ಅನೇಕ ಕಡೆ ಅದು ಮುಂದಿನ ವ್ಯಂಜನದ ದ್ವಿತ್ವವನ್ನು ಸೂಚಿಸುತ್ತದೆ. ನಾಗರಿಯಲ್ಲಿ ಪ್ರಾಕೃತ ಓದಿದವನಿಗೆ ಇದು ತಿಳಿಯದು. ಕನ್ನಡ ಬಲ್ಲವನಿಗೆ ಪ್ರಾಕೃತ ಬಾರದು. ಎರಡನ್ನೂ ಬಲ್ಲವರ ಸಂಖ್ಯೆ ದಿನೇ ದಿನೇ ಕ್ಷೀಣಿಸುತ್ತಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಂತಹ ಕಡೆ ಹಸ್ತಪ್ರತಿಶಾಸ್ತ್ರಕ್ಕೇ ಒಂದು ವಿಭಾಗವಿರುವುದು ಸಮಾಧಾನದ ಸಂಗತಿ. ಆದರೂ ಓಲೆ ಓದುವ ಕಣ್ಣು ತರಗತಿಯ ಹಲಗೆಯ ಮುಂದೆ ಹುಟ್ಟುವುದಿಲ್ಲ, ಓಲೆಯ ಮುಂದೆ ಹುಟ್ಟುತ್ತದೆ. ಭಂಡಾರವು ವಾಚಕನನ್ನು ಕಾಯುತ್ತ ಕುಳಿತರೆ ಸಾಲದು, ಅವನನ್ನು ಸಿದ್ಧಪಡಿಸಬೇಕಾದ ಹೊಣೆಯೂ ಅದರದೇ ಎಂದು ನಾವು ಹೇಳುವುದು ಇದಕ್ಕಾಗಿ. ಇನ್ನೊಂದು ತಲೆಮಾರು ಹೀಗೆಯೇ ಕಳೆದರೆ, ಗರಿಗಳೂ ಉಳಿದು ಬಾಗಿಲೂ ತೆರೆದಿದ್ದು, ಓದುವವರು ಮಾತ್ರ ಇಲ್ಲದ ಕಾಲ ಬಂದೀತು.

೬

ಇದಕ್ಕೆ ಬರುವ ಆಕ್ಷೇಪಗಳು ಮೂರು. ಅವು ಪ್ರಾಮಾಣಿಕವಾದುವು, ಉಡಾಫೆಯಿಂದ ತಳ್ಳಿಹಾಕತಕ್ಕವಲ್ಲ.

ಒಂದನೆಯದು ಅಧಿಕಾರಿಭೇದ. ಸಿದ್ಧಾಂತರಹಸ್ಯದ ಅಧ್ಯಯನಕ್ಕೆ ಗೃಹಸ್ಥರು ಅಧಿಕಾರಿಗಳಲ್ಲವೆಂಬ ಮಾತು ಶ್ರಾವಕಾಚಾರಗಳಲ್ಲಿ ಉಂಟು. ಆದರೆ ಅದು ಸಿದ್ಧಾಂತಕ್ಕೆ ಹೇಳಿದ ನಿಯಮ. ಭಂಡಾರಗಳಲ್ಲಿರುವ ಕಾವ್ಯ, ವ್ಯಾಕರಣ, ಗಣಿತ, ವೈದ್ಯಗಳಿಗೆ ಅದನ್ನು ವಿಸ್ತರಿಸಲು ಯಾವ ಆಧಾರವೂ ಇಲ್ಲ. ಸಿದ್ಧಾಂತದ ವಿಷಯದಲ್ಲಿಯೂ ಆ ಗ್ರಂಥಗಳನ್ನು ಬರೆಯಿಸಿ ಉಳಿಸಿದವರು ಮಲ್ಲಿಕಬ್ಬೆಯಂಥ ಗೃಹಸ್ಥರೇ ಎಂಬುದನ್ನು ಮರೆಯಬಾರದು.

ಎರಡನೆಯದು ಶುದ್ಧಿ ಮತ್ತು ಜೀರ್ಣತೆ. ನೂರು ಕೈ ಮುಟ್ಟಿದರೆ ಗರಿ ಮುರಿಯುತ್ತದೆ, ಆಶಾತನವೂ ಆಗುತ್ತದೆ. ಇದು ನಿಜ. ಇದಕ್ಕೆ ಪರಿಹಾರ ಛಾಯಾಪ್ರತಿಯೇ. ವಾಚಕನಿಗೆ ಬೇಕಾದುದು ಹೆಚ್ಚಿನ ಸಂದರ್ಭಗಳಲ್ಲಿ ಪಾಠ, ಗರಿಯಲ್ಲ. ಗರಿಯ ದರ್ಶನ ಅನಿವಾರ್ಯವಾದಾಗ ಭಂಡಾರದವರ ಸಮಕ್ಷಮದಲ್ಲಿ, ನಿಯಮಪೂರ್ವಕವಾಗಿ ಅದು ನಡೆಯಲಿ.

ಮೂರನೆಯದು ಕಳವಿನ ಭಯ. ಏನಿದೆಯೆಂದು ಸಾರಿದರೆ ಕಳ್ಳರಿಗೆ ಸೂಚಿ ಕೊಟ್ಟಂತಾಗುವುದೆಂದು ಹಲವರು ಹೇಳುತ್ತಾರೆ. ವಸ್ತುಸ್ಥಿತಿ ಇದಕ್ಕೆ ವಿಪರೀತ. ಗರಿಯ ಸಂಖ್ಯೆ, ಅಳತೆ, ಆದ್ಯಂತಪದ್ಯಗಳು, ಚಿತ್ರ ಇವೆಲ್ಲ ಪ್ರಕಟವಾಗಿರುವ ಪ್ರತಿಯನ್ನು ಮಾರುವುದು ಕಷ್ಟ; ಎಲ್ಲಿ ಕಾಣಿಸಿಕೊಂಡರೂ ಗುರುತು ಸಿಗುತ್ತದೆ. ಯಾವ ಪಟ್ಟಿಯಲ್ಲಿಯೂ ಸೇರದ ಪ್ರತಿ ಕಾಣೆಯಾದರೆ ಅದು ಇತ್ತೆಂಬುದಕ್ಕೇ ಸಾಕ್ಷಿಯಿರುವುದಿಲ್ಲ.

೭

ಹಾಗಾದರೆ ಕರ್ತವ್ಯವೇನು? ಮಹಾಯೋಜನೆಗಳನ್ನು ಕಾಯದೆ, ಒಬ್ಬ ಪಂಡಿತನೂ ಒಬ್ಬ ಲೇಖಕನೂ ಇರುವ ಚಿಕ್ಕ ಭಂಡಾರವೂ ಮಾಡಬಹುದಾದ ಕೆಲವನ್ನು ಮಾತ್ರ ಸೂಚಿಸುತ್ತೇವೆ.

ದೊಡ್ಡ ಸೂಚಿ ಸಿದ್ಧವಾಗುವವರೆಗೆ ಸುಮ್ಮನಿರದೆ, ಕನ್ನಡದಲ್ಲಿ ಚಿಕ್ಕ ಚಿಕ್ಕ ವಿಷಯಪಟ್ಟಿಗಳನ್ನು ಹೊರಡಿಸಬೇಕು. ‘ನಮ್ಮ ಭಂಡಾರದ ವೈದ್ಯಗ್ರಂಥಗಳು’, ‘ನಮ್ಮ ಭಂಡಾರದ ಪುಷ್ಪಿಕೆಗಳಲ್ಲಿ ಬರುವ ಊರುಗಳು’ ಎಂಬ ಹತ್ತು ಪುಟದ ಪುಸ್ತಿಕೆ ಆಯುರ್ವೇದ ವಿದ್ಯಾಲಯಕ್ಕೆ, ತಾಲೂಕಿನ ಶಾಲೆಗಳಿಗೆ ಹೋಗಲಿ. ಪಂಡಿತರಿಗೆ ಇದು ಅಲ್ಪವೆನಿಸಬಹುದು. ಹೊಸ ವಾಚಕನಿಗೆ ಇದೇ ಹೆಬ್ಬಾಗಿಲು.

ಬಂದ ಪತ್ರಕ್ಕೆ ಉತ್ತರ ಬರೆಯುವುದನ್ನು ನಿಯಮವಾಗಿ ಇಟ್ಟುಕೊಳ್ಳಬೇಕು. ಇದೆ, ಇಲ್ಲ, ಇದ್ದರೆ ಎಷ್ಟು ಗರಿ, ಪಡೆಯುವ ಕ್ರಮ ಯಾವುದು ಎಂಬ ನಾಲ್ಕು ಸಾಲು ಸಾಕು. ಗುಜರಾತಿನ ಕೋಬಾದ ಕೈಲಾಸಸಾಗರಸೂರಿ ಜ್ಞಾನಮಂದಿರ ವಾಚಕರ ಪ್ರಶ್ನೆಗಳಿಗೆ ಆಕರಗಳನ್ನು ಹುಡುಕಿಕೊಟ್ಟು ಪ್ರತಿಗಳನ್ನು ಒದಗಿಸುವುದರಲ್ಲಿ ಹೆಸರು ಪಡೆದಿದೆ. ಅದರ ಮಾದರಿ ನಮ್ಮ ಮುಂದಿರಲಿ. ಬಂದ ಪ್ರಶ್ನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಮುಂದಿನ ಸೂಚಿಯಲ್ಲಿ ಯಾವ ವಿಭಾಗ ಬೇಕೆಂಬುದನ್ನು ಆ ಪುಸ್ತಕವೇ ತಿಳಿಸುತ್ತದೆ.

ಭಂಡಾರದ ಪ್ರತಿಗಳಿಂದ ಪ್ರಯೋಜನ ಪಡೆದವರು ತಮ್ಮ ಬರಹದ ಒಂದು ಪ್ರತಿಯನ್ನು ಒಪ್ಪಿಸಬೇಕು. ಅದರಿಂದ ತಿಳಿದುಬಂದ ಹೊಸ ಅಂಶವನ್ನು ಸೂಚಿಯ ಅಂಚಿನಲ್ಲಿ ಸೇರಿಸಬೇಕು. ಸೂಚಿ ಒಮ್ಮೆ ಅಚ್ಚಾಗಿ ಮುಗಿಯುವ ಪುಸ್ತಕವಲ್ಲ, ವಾಚಕರು ಬೆಳೆಸುತ್ತ ಹೋಗುವ ಗ್ರಂಥ.

ಕೊನೆಯದು ಶ್ರುತಪಂಚಮಿ. ಜ್ಯೇಷ್ಠ ಶುದ್ಧ ಪಂಚಮಿಯಂದು ಷಟ್ಖಂಡಾಗಮದ ರಚನೆ ಪೂರ್ಣಗೊಂಡು ಚತುರ್ವಿಧಸಂಘವು ಅದನ್ನು ಪೂಜಿಸಿತೆಂಬುದು ಸಂಪ್ರದಾಯ. ಅಂದು ನಾವು ಗ್ರಂಥಗಳನ್ನು ಪೀಠದಲ್ಲಿಟ್ಟು ಅಷ್ಟವಿಧಾರ್ಚನೆ ಮಾಡಿ ಮತ್ತೆ ವಸ್ತ್ರದಲ್ಲಿ ಕಟ್ಟಿಡುತ್ತೇವೆ. ಅದೇ ದಿನ ಪೂಜೆಯ ಬಳಿಕ ಒಂದು ಕಟ್ಟನ್ನು ಬಿಚ್ಚಿ, ಊರಿನ ಮಕ್ಕಳನ್ನೂ ಅಧ್ಯಾಪಕರನ್ನೂ ಯಾವ ಮತದವರೆಂದು ನೋಡದೆ ಕರೆದು ಕೂರಿಸಿ, ಒಂದು ಗರಿಯನ್ನಾದರೂ ಓದಿ ಅರ್ಥ ಹೇಳಿದರೆ ಪೂಜೆಗೆ ಲೋಪವೇನೂ ಬಾರದು. ಆ ಹತ್ತು ಜನರಲ್ಲಿ ಒಬ್ಬನು ಮರುದಿನ ಇನ್ನೊಂದು ಗರಿಗಾಗಿ ಬಂದರೆ ಆ ವರ್ಷದ ಶ್ರುತಪಂಚಮಿ ಸಾರ್ಥಕವೆಂದು ಎಣಿಸಬಹುದು.

ಶ್ರುತವೆಂದರೆ ಕೇಳಲ್ಪಟ್ಟುದು. ಕೇಳುವವನಿಲ್ಲದೆ ಆ ಹೆಸರೇ ಸಲ್ಲದು. ಭಂಡಾರಗಳನ್ನು ಕಾಯುವ ಪುಣ್ಯಪುರುಷರು ಈ ಒಂದು ಅರ್ಥವನ್ನು ನೆನೆದು ತಮ್ಮ ತಮ್ಮ ಸೂಚಿಗಳನ್ನು ಇನ್ನೊಮ್ಮೆ ತೆರೆದು ನೋಡಲೆಂದು ಪ್ರಾರ್ಥಿಸುತ್ತೇವೆ.